ವಂಶವಾಹಿಗಳ ಕಾರ್ಯವನ್ನು ನಿಯಂತ್ರಿಸುವ ಪ್ರೋಟೀನ್‌ಗಳು ಮತ್ತು ಕುಡುಗೋಲು ಕಣ ರಕ್ತಹೀನತೆ

(ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಕುಡುಗೋಲು ಕಣ ರಕ್ತಹೀನತೆಯು ತಂದೆ ತಾಯಿಯರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆಯಾಗಿರುತ್ತದೆ. ಸಾಮಾನ್ಯ ಬಳಕೆಯಲ್ಲಿ ಇದನ್ನು ಸಿಕಲ್ ಸೆಲ್ ಕಾಯಿಲೆ ಎಂದು ಕರೆಯಲಾಗುತ್ತದೆ. ದುಂಡಗಿರಬೇಕಾದ ಕೆಂಪು ರಕ್ತಕಣಗಳು ಈ ಕಾಯಿಲೆಯಲ್ಲಿ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಇದರಿಂದ ತೀವ್ರ ನೋವು, ರಕ್ತಹೀನತೆ, ಪದೇ ಪದೇ ಸೋಂಕು ಹಾಗೂ ಅಂಗಾಂಗಗಳಿಗೆ ಹಾನಿ ಉಂಟಾಗುತ್ತದೆ.

ಈ ಕಾಯಿಲೆಗೆ ಕಾರಣವಾದ ದೋಷವು ಒಂದು ವಂಶವಾಹಿಯ ಒಂದೇ ಅಕ್ಷರದಲ್ಲಿದೆ. ಆದರೆ 2023ರಲ್ಲಿ ಮೊದಲ ಬಾರಿಗೆ ಅನುಮೋದನೆ ಪಡೆದ ಕ್ರಿಸ್ಪರ್ ಚಿಕಿತ್ಸೆಯು ಆ ಅಕ್ಷರವನ್ನು ತಿದ್ದುವುದಿಲ್ಲ. ಅದರ ಬದಲಾಗಿ, ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಮುಚ್ಚಿಹೋಗುವ ಮತ್ತೊಂದು ಉತ್ತಮ ವಂಶವಾಹಿಯನ್ನು ಪುನಃ ತೆರೆಯುತ್ತದೆ. ವಂಶವಾಹಿಯೊಂದು ತೆರೆಯುವುದು, ಮುಚ್ಚುವುದು ಎಂದರೇನು, ಅದನ್ನು ಯಾರು ನಿರ್ಧರಿಸುತ್ತಾರೆ ಎಂಬುದನ್ನು ತಿಳಿಯದೆ ಈ ಚಿಕಿತ್ಸೆಯನ್ನು ಅರ್ಥಮಾಡಿಕೊಳ್ಳಲು ಸಾಧ್ಯವಿಲ್ಲ. ಆದುದರಿಂದ ಈ ಪುಟದಲ್ಲಿ ವಂಶವಾಹಿಗಳ ನಿಯಂತ್ರಣದ ಕ್ರಮವನ್ನು ಕುಡುಗೋಲು ಕಣ ಕಾಯಿಲೆಯ ಉದಾಹರಣೆಯೊಂದಿಗೆ ವಿವರಿಸಲಾಗಿದೆ.

2. ಜೀನೋಮ್ ಮತ್ತು ವಂಶವಾಹಿಗಳು

ನಮ್ಮ ಜೀವಕೋಶಗಳ ಕೇಂದ್ರದಲ್ಲಿ ಡಿಎನ್‌ಎ ಎಂಬ ಉದ್ದನೆಯ ಎಳೆಗಳಿವೆ. ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಅಕ್ಷರಗಳ ಸಾಲಿನಲ್ಲಿ ಶರೀರಕ್ಕೆ ಬೇಕಾದ ಸೂಚನೆಗಳು ಅಡಕವಾಗಿವೆ. ಈ ಸಮಗ್ರ ಬರಹಕ್ಕೆ ಜೀನೋಮ್ ಎಂದು ಹೆಸರು. ಮಾನವನ ಜೀನೋಮ್‌ನ ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಕೆಯ ಸೂಚನೆಯುಳ್ಳ ವಂಶವಾಹಿಗಳು ಸುಮಾರು 20,000. ಪ್ರೋಟೀನ್‌ನ ರಚನೆಯನ್ನು ನೇರವಾಗಿ ಹೇಳುವ ಅಕ್ಷರಗಳು ಒಟ್ಟು ಬರಹದಲ್ಲಿ ಶೇ. 2ನ್ನೂ ಮೀರುವುದಿಲ್ಲ.

ಕಣ್ಣಿನ ಕೋಶ, ಯಕೃತ್ತಿನ ಕೋಶ, ರಕ್ತಕಣವಾಗಿ ಬೆಳೆಯುವ ಅಸ್ಥಿಮಜ್ಜೆಯ ಕೋಶ, ಇವೆಲ್ಲವುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಜೀನೋಮ್ ಇರುತ್ತದೆ. ಆದರೂ ಹಿಮೋಗ್ಲೋಬಿನ್ ಹೇರಳವಾಗಿ ತಯಾರಾಗುವುದು ಕೆಂಪು ರಕ್ತಕಣವಾಗಲಿರುವ ಕೋಶಗಳಲ್ಲಿ ಮಾತ್ರ. ಒಂದೇ ಬಗೆಯ ಕಡತಗಳನ್ನು ಎಲ್ಲ ಶಾಖೆಗಳಿಗೂ ಕೊಟ್ಟಿದ್ದರೂ ಪ್ರತಿಯೊಂದು ಶಾಖೆಯು ತನಗೆ ಸಂಬಂಧಿಸಿದ ಕಡತವನ್ನು ಮಾತ್ರ ತೆರೆಯುವಂತೆ, ಪ್ರತಿಯೊಂದು ಕೋಶವು ತನ್ನ ಕೆಲಸಕ್ಕೆ ಬೇಕಾದ ವಂಶವಾಹಿಗಳನ್ನು ಮಾತ್ರ ಬಳಸುತ್ತದೆ.

ವಂಶವಾಹಿಯನ್ನು ಬಳಸುವುದೆಂದರೆ ಮೊದಲು ಅದರ ನಕಲನ್ನು ಆರ್‌ಎನ್‌ಎ ರೂಪದಲ್ಲಿ ತೆಗೆಯುವುದು, ನಂತರ ಆ ನಕಲನ್ನು ಆಧರಿಸಿ ಪ್ರೋಟೀನ್ ತಯಾರಿಸುವುದು. ಮೊದಲನೆಯ ಹಂತಕ್ಕೆ ನಕಲೀಕರಣ ಅಥವಾ ಟ್ರಾನ್ಸ್‌ಕ್ರಿಪ್ಷನ್ ಎನ್ನಲಾಗುತ್ತದೆ. ನಕಲೇ ಹೊರಡದಿದ್ದರೆ ವಂಶವಾಹಿ ಇದ್ದರೂ ಅದು ನಿಷ್ಕ್ರಿಯ.

3. ನಿಯಂತ್ರಕ ಪ್ರೋಟೀನ್‌ಗಳು

ಯಾವ ವಂಶವಾಹಿಯ ನಕಲು, ಯಾವಾಗ, ಎಷ್ಟು ಪ್ರಮಾಣದಲ್ಲಿ ಹೊರಡಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು. ಇವೂ ಪ್ರೋಟೀನ್‌ಗಳೇ. ಈ ಪುಟದಲ್ಲಿ ಇವುಗಳನ್ನು ನಿಯಂತ್ರಕ ಪ್ರೋಟೀನ್‌ಗಳು ಎಂದು ಕರೆಯಲಾಗಿದೆ. ಮಾನವನಲ್ಲಿ ಇಂತಹ ಸುಮಾರು 1,600 ಪ್ರೋಟೀನ್‌ಗಳನ್ನು ಗುರುತಿಸಲಾಗಿದೆ.

ಇವುಗಳ ಅಸ್ತಿತ್ವವನ್ನು ಮೊದಲು ಸೂಚಿಸಿದ್ದು ಬ್ಯಾಕ್ಟೀರಿಯಾದ ಅಧ್ಯಯನ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ ಅವರು, ಹಾಲಿನ ಸಕ್ಕರೆ ಇಲ್ಲದಿರುವಾಗ ಅದನ್ನು ಅರಗಿಸುವ ವಂಶವಾಹಿಗಳನ್ನು ಯಾವುದೋ ಒಂದು ಪದಾರ್ಥವು ತಡೆದು ನಿಲ್ಲಿಸುತ್ತದೆ ಎಂದು 1961ರಲ್ಲಿ ಪ್ರತಿಪಾದಿಸಿದರು. 1965ರಲ್ಲಿ ಇವರಿಬ್ಬರಿಗೂ ಆಂದ್ರೆ ಲ್ವಾಫ್ ಅವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಪದಾರ್ಥವು ಒಂದು ಪ್ರೋಟೀನ್ ಎಂಬುದನ್ನು ಅದನ್ನು ಬೇರ್ಪಡಿಸುವ ಮೂಲಕ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯುಲರ್-ಹಿಲ್ ಅವರು 1966ರಲ್ಲಿ ತೋರಿಸಿಕೊಟ್ಟರು.

ನಿಯಂತ್ರಕ ಪ್ರೋಟೀನ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ:

(ಅ) ನಕಲೀಕರಣವನ್ನು ಉತ್ತೇಜಿಸುವವು.
(ಆ) ನಕಲೀಕರಣವನ್ನು ತಡೆಯುವವು.

ಒಂದೇ ಪ್ರೋಟೀನ್ ಒಂದು ಸ್ಥಳದಲ್ಲಿ ಉತ್ತೇಜಕವಾಗಿಯೂ ಇನ್ನೊಂದು ಸ್ಥಳದಲ್ಲಿ ತಡೆಯಾಗಿಯೂ ವರ್ತಿಸುವುದುಂಟು. ಅದರ ಜೊತೆಯಲ್ಲಿ ಯಾವ ಯಾವ ಪ್ರೋಟೀನ್‌ಗಳಿವೆ ಎಂಬುದರ ಮೇಲೆ ಇದು ಅವಲಂಬಿತವಾಗಿರುತ್ತದೆ.

4. ಜೀನೋಮ್‌ನಲ್ಲಿ ಇವು ಬಂಧಿಸುವ ಸ್ಥಳಗಳು

ಪ್ರತಿಯೊಂದು ನಿಯಂತ್ರಕ ಪ್ರೋಟೀನ್ ಡಿಎನ್‌ಎಯ ಒಂದು ಚಿಕ್ಕ ಅಕ್ಷರ ಸಾಲನ್ನು ಗುರುತಿಸಿ ಅಲ್ಲಿ ಅಂಟಿಕೊಳ್ಳುತ್ತದೆ. ಈ ಸಾಲುಗಳು ಸಾಮಾನ್ಯವಾಗಿ 6ರಿಂದ 12 ಅಕ್ಷರಗಳಷ್ಟಿರುತ್ತವೆ. ಉದಾಹರಣೆಗೆ, ಕೆಂಪು ರಕ್ತಕಣಗಳ ಬೆಳವಣಿಗೆಗೆ ಅತ್ಯಗತ್ಯವಾದ ಗಾಟಾ-1 ಎಂಬ ಪ್ರೋಟೀನ್, ನಡುವೆ ಜಿ-ಎ-ಟಿ-ಎ ಇರುವ ಆರು ಅಕ್ಷರಗಳ ಸಾಲನ್ನು ಗುರುತಿಸುತ್ತದೆ. ಅದರ ಹೆಸರು ಬಂದಿರುವುದೂ ಈ ಅಕ್ಷರಗಳಿಂದಲೇ. ಮೊದಲನೆಯ ಅಕ್ಷರ ಎ ಅಥವಾ ಟಿ ಆಗಿರಬಹುದು. ಕೊನೆಯ ಅಕ್ಷರ ಎ ಅಥವಾ ಜಿ ಆಗಿರಬಹುದು.

ಇಷ್ಟು ಚಿಕ್ಕ ಸಾಲು ಎಷ್ಟು ಕಡೆ ದೊರೆಯಬಹುದೆಂಬುದನ್ನು ಅಂದಾಜು ಲೆಕ್ಕ ಹಾಕಬಹುದು. ನಾಲ್ಕು ಅಕ್ಷರಗಳಿಂದ ಆರು ಸ್ಥಾನಗಳನ್ನು ತುಂಬಲು 4,096 ವಿಧಗಳಿವೆ. ಅವುಗಳಲ್ಲಿ ನಾಲ್ಕು ವಿಧಗಳು ಗಾಟಾ-1ಕ್ಕೆ ಒಪ್ಪಿಗೆಯಾಗುತ್ತವೆ. ಅಂದರೆ ಪ್ರತಿ 1,024 ಸ್ಥಾನಗಳಿಗೆ ಒಂದು. 300 ಕೋಟಿ ಅಕ್ಷರಗಳಲ್ಲಿ ಇದು ಸುಮಾರು 29 ಲಕ್ಷ ಸ್ಥಳಗಳಾಗುತ್ತದೆ. ಡಿಎನ್‌ಎಯ ಎರಡೂ ಎಳೆಗಳನ್ನು ಪರಿಗಣಿಸಿದರೆ ಸುಮಾರು 58 ಲಕ್ಷ. ಆದರೆ ರಕ್ತದ ಕೋಶಗಳನ್ನು ಪರೀಕ್ಷಿಸಿದಾಗ ಗಾಟಾ-1 ವಾಸ್ತವವಾಗಿ ಕಂಡುಬರುವ ಸ್ಥಳಗಳು ಸಾವಿರಗಳ ಲೆಕ್ಕದಲ್ಲಿವೆ, ಶೇ. 1ಕ್ಕಿಂತಲೂ ಕಡಿಮೆ. ಉಳಿದ ಲಕ್ಷಾಂತರ ಸ್ಥಳಗಳಲ್ಲಿ ಅಕ್ಷರಗಳು ಸರಿಯಾಗಿದ್ದರೂ ಪ್ರೋಟೀನ್ ಕೂರುವುದಿಲ್ಲ. ಇದಕ್ಕೆ ಪ್ರಮುಖ ಕಾರಣಗಳು ಈ ಕೆಳಗಿನಂತಿವೆ:

(1) ಡಿಎನ್‌ಎಯ ಸುತ್ತಿಕೆ: ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿಟ್ಟರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಕೋಶಕೇಂದ್ರದಲ್ಲಿ ಅದು ಹಿಸ್ಟೋನ್ ಎಂಬ ಪ್ರೋಟೀನ್‌ಗಳ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಪ್ರತಿ ಉಂಡೆಗೆ ಸುಮಾರು 147 ಅಕ್ಷರಗಳಷ್ಟು ಭಾಗ ಸುತ್ತಿರುತ್ತದೆ. ಬಿಗಿಯಾಗಿ ಸುತ್ತಿರುವ ಭಾಗದಲ್ಲಿ ಅಕ್ಷರಗಳಿದ್ದರೂ ಅವು ಬೀಗ ಹಾಕಿದ ಕಪಾಟಿನೊಳಗಿನ ಕಡತದಂತೆ ಕೈಗೆ ಸಿಗುವುದಿಲ್ಲ.

(2) ಜೊತೆಗಾರ ಪ್ರೋಟೀನ್‌ಗಳು: ಒಂದೇ ಪ್ರೋಟೀನ್‌ನ ಹಿಡಿತ ದುರ್ಬಲವಾಗಿರಬಹುದು. ಪಕ್ಕದಲ್ಲಿ ಬೇರೆ ಪ್ರೋಟೀನ್‌ಗಳೂ ಕುಳಿತಾಗ ಹಿಡಿತವು ದೃಢವಾಗುತ್ತದೆ. ಆದ್ದರಿಂದ ಹಲವು ಪ್ರೋಟೀನ್‌ಗಳ ಅಕ್ಷರ ಸಾಲುಗಳು ಹತ್ತಿರ ಹತ್ತಿರವಿರುವ ಸ್ಥಳಗಳು ಹೆಚ್ಚು ಪರಿಣಾಮಕಾರಿ.

(3) ಕೋಶದ ಬಗೆ: ಯಕೃತ್ತಿನಲ್ಲಿ ತೆರೆದಿರುವ ಭಾಗವು ರಕ್ತದ ಕೋಶದಲ್ಲಿ ಮುಚ್ಚಿರಬಹುದು. ಫಾಕ್ಸ್‌ಎ ಗುಂಪಿನ ಪ್ರೋಟೀನ್‌ಗಳಂತಹ ಕೆಲವು ಮಾತ್ರ ಮುಚ್ಚಿರುವ ಭಾಗವನ್ನೂ ಪ್ರವೇಶಿಸಿ ಇತರ ಪ್ರೋಟೀನ್‌ಗಳಿಗೆ ದಾರಿ ಮಾಡಿಕೊಡಬಲ್ಲವು.

ಈ ಸ್ಥಳಗಳನ್ನು ಇಡೀ ಜೀನೋಮ್‌ನಲ್ಲಿ ಒಟ್ಟಿಗೆ ಗುರುತಿಸುವ ವಿಧಾನವು 2007ರಿಂದ ಬಳಕೆಗೆ ಬಂದಿತು. ಕೋಶಗಳೊಳಗೆ ಪ್ರೋಟೀನ್ ಎಲ್ಲಿ ಕುಳಿತಿದೆಯೋ ಅಲ್ಲಿಯೇ ಅದನ್ನು ರಾಸಾಯನಿಕದಿಂದ ಬಿಗಿದು, ಡಿಎನ್‌ಎಯನ್ನು ತುಂಡರಿಸಿ, ಬೇಕಾದ ಪ್ರೋಟೀನ್ ಅಂಟಿಕೊಂಡಿರುವ ತುಂಡುಗಳನ್ನು ಮಾತ್ರ ಪ್ರತಿಕಾಯದ ಸಹಾಯದಿಂದ ಹೊರತೆಗೆದು ಓದಲಾಗುತ್ತದೆ. ಅಮೆರಿಕದಲ್ಲಿ 2003ರಲ್ಲಿ ಆರಂಭವಾದ ಎನ್‌ಕೋಡ್ ಯೋಜನೆಯು ಈ ವಿಧಾನದಿಂದ ನೂರಕ್ಕೂ ಹೆಚ್ಚು ಪ್ರೋಟೀನ್‌ಗಳ ಸ್ಥಳಪಟ್ಟಿಯನ್ನು 2012ರಲ್ಲಿ ಪ್ರಕಟಿಸಿತು.

5. ಬಂಧನದ ಪರಿಣಾಮ

ವಂಶವಾಹಿಯ ಆರಂಭ ಭಾಗದಲ್ಲಿ ಕುಳಿತ ಉತ್ತೇಜಕ ಪ್ರೋಟೀನ್, ನಕಲು ತೆಗೆಯುವ ಕಿಣ್ವವನ್ನು ಅಲ್ಲಿಗೆ ಸೆಳೆಯಲು ನೆರವಾಗುತ್ತದೆ. ತಡೆಯುವ ಪ್ರೋಟೀನ್, ಡಿಎನ್‌ಎಯನ್ನು ಬಿಗಿಗೊಳಿಸುವ ಇತರ ಪ್ರೋಟೀನ್‌ಗಳನ್ನು ಕರೆತರುತ್ತದೆ. ನಿಯಂತ್ರಣದ ಸ್ಥಳವು ಯಾವಾಗಲೂ ವಂಶವಾಹಿಯ ಪಕ್ಕದಲ್ಲಿಯೇ ಇರಬೇಕೆಂದಿಲ್ಲ. ಸಾವಿರಾರು ಅಕ್ಷರಗಳಷ್ಟು ದೂರದಲ್ಲಿರುವ ಸ್ಥಳವೂ ಡಿಎನ್‌ಎ ಮಡಿಚಿಕೊಂಡಾಗ ವಂಶವಾಹಿಯ ಹತ್ತಿರಕ್ಕೆ ಬಂದು ಅದರ ಕಾರ್ಯವನ್ನು ಹೆಚ್ಚಿಸುತ್ತದೆ. ಇಂತಹ ದೂರದ ಸ್ಥಳಗಳನ್ನು ವರ್ಧಕ ಭಾಗಗಳು ಎನ್ನಲಾಗುತ್ತದೆ.

ಪ್ರೋಟೀನ್ ಕುಳಿತ ಸ್ಥಳಗಳಲ್ಲೆಲ್ಲ ವಂಶವಾಹಿಯ ಕಾರ್ಯ ಬದಲಾಗುತ್ತದೆಂದು ತಿಳಿಯಬಾರದು. ಅನೇಕ ಬಂಧನಗಳಿಂದ ಅಳೆಯಬಹುದಾದ ಯಾವ ಪರಿಣಾಮವೂ ಕಂಡುಬರುವುದಿಲ್ಲ. ಆದ್ದರಿಂದ ಸ್ಥಳಪಟ್ಟಿ ಮಾತ್ರ ಸಾಲದು. ಆ ಸ್ಥಳವನ್ನು ಕೆಡಿಸಿದಾಗ ಏನಾಗುತ್ತದೆ ಎಂಬುದನ್ನು ಪರೀಕ್ಷಿಸಿ ನೋಡಿದ ನಂತರವೇ ಅದರ ಮಹತ್ವವನ್ನು ನಿರ್ಧರಿಸಲು ಸಾಧ್ಯ. ಮುಂದೆ ವಿವರಿಸಿರುವ ಚಿಕಿತ್ಸೆಯು ಇಂತಹ ಪರೀಕ್ಷೆಗಳ ಫಲವಾಗಿದೆ.

6. ಹಿಮೋಗ್ಲೋಬಿನ್‌ನ ಬದಲಾವಣೆ

ಮಾನವನು ತನ್ನ ಜೀವಿತಕಾಲದಲ್ಲಿ ಒಂದಕ್ಕಿಂತ ಹೆಚ್ಚು ಬಗೆಯ ಹಿಮೋಗ್ಲೋಬಿನ್ ತಯಾರಿಸುತ್ತಾನೆ. ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿ ಭ್ರೂಣ ಹಿಮೋಗ್ಲೋಬಿನ್ ಪ್ರಧಾನವಾಗಿರುತ್ತದೆ. ಇದರಲ್ಲಿ ಗಾಮಾ ಗ್ಲೋಬಿನ್ ಎಂಬ ಸರಪಳಿ ಇರುತ್ತದೆ. ಹುಟ್ಟಿದ ನಂತರ ಗಾಮಾ ವಂಶವಾಹಿ ಕ್ರಮೇಣ ಮುಚ್ಚಿ, ಬೀಟಾ ಗ್ಲೋಬಿನ್ ವಂಶವಾಹಿ ಆ ಸ್ಥಾನವನ್ನು ವಹಿಸಿಕೊಳ್ಳುತ್ತದೆ. ಹೆಚ್ಚಿನ ವಯಸ್ಕರಲ್ಲಿ ಭ್ರೂಣ ಹಿಮೋಗ್ಲೋಬಿನ್ ಶೇ. 1ರ ಆಸುಪಾಸಿಗೆ ಇಳಿದಿರುತ್ತದೆ. ಈ ಎರಡೂ ವಂಶವಾಹಿಗಳು 11ನೇ ವರ್ಣತಂತುವಿನಲ್ಲಿ ಒಂದೇ ಸಾಲಿನಲ್ಲಿವೆ. ದೂರದಲ್ಲಿರುವ ಪ್ರಬಲ ವರ್ಧಕ ಭಾಗವೊಂದು ಗರ್ಭಾವಸ್ಥೆಯಲ್ಲಿ ಗಾಮಾವನ್ನೂ ಅನಂತರ ಬೀಟಾವನ್ನೂ ಉತ್ತೇಜಿಸುತ್ತದೆ.

ಕುಡುಗೋಲು ಕಣ ಕಾಯಿಲೆಯ ದೋಷವಿರುವುದು ಬೀಟಾ ವಂಶವಾಹಿಯಲ್ಲಿ. ಅಲ್ಲಿ ಒಂದು ಎ ಅಕ್ಷರದ ಬದಲು ಟಿ ಇರುವುದರಿಂದ ಸರಪಳಿಯ 6ನೇ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಸೇರುತ್ತದೆ. ಆಮ್ಲಜನಕ ಕಡಿಮೆಯಾದಾಗ ಇಂತಹ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಡ್ಡಿಗಳಂತಾಗಿ ರಕ್ತಕಣವನ್ನು ಬಾಗಿಸುತ್ತದೆ.

ಈ ಕಾಯಿಲೆಯೊಂದಿಗೆ ಹುಟ್ಟಿದ ಶಿಶುಗಳಲ್ಲಿ ಮೊದಲ ಕೆಲವು ತಿಂಗಳು ಲಕ್ಷಣಗಳು ಕಾಣಿಸಿಕೊಳ್ಳುವುದಿಲ್ಲ. ಇದಕ್ಕೆ ಭ್ರೂಣ ಹಿಮೋಗ್ಲೋಬಿನ್ ಕಾರಣವಿರಬಹುದೆಂದು ಅಮೆರಿಕದ ವೈದ್ಯೆ ಜಾನೆಟ್ ವಾಟ್ಸನ್ ಅವರು 1948ರಲ್ಲಿಯೇ ಸೂಚಿಸಿದ್ದರು. ಭ್ರೂಣ ಹಿಮೋಗ್ಲೋಬಿನ್ ನಡುವೆ ಸೇರಿಕೊಂಡರೆ ಕಡ್ಡಿಗಳು ಬೆಳೆಯಲಾರವು. ಗಾಮಾ ವಂಶವಾಹಿಯನ್ನು ಮುಚ್ಚುವ ಪ್ರೋಟೀನ್ ಯಾವುದೆಂಬ ಪ್ರಶ್ನೆಗೆ ಉತ್ತರ ದೊರೆಯಲು ಇನ್ನೂ 60 ವರ್ಷ ಬೇಕಾಯಿತು.

7. ಬಿಸಿಎಲ್11ಎ: ಮುಚ್ಚುವ ಪ್ರೋಟೀನ್

ಕೆಲವು ಜನರಲ್ಲಿ ಭ್ರೂಣ ಹಿಮೋಗ್ಲೋಬಿನ್ ಪ್ರಮಾಣವು ದೊಡ್ಡವರಾದ ಮೇಲೂ ಸ್ವಾಭಾವಿಕವಾಗಿ ಹೆಚ್ಚಿರುತ್ತದೆ. ಅಂತಹವರ ಜೀನೋಮ್‌ಗಳನ್ನು ಇತರರೊಂದಿಗೆ ಹೋಲಿಸಿದ 2007 ಮತ್ತು 2008ರ ಅಧ್ಯಯನಗಳು 2ನೇ ವರ್ಣತಂತುವಿನಲ್ಲಿರುವ ಬಿಸಿಎಲ್11ಎ ಎಂಬ ವಂಶವಾಹಿಯತ್ತ ಬೆರಳು ತೋರಿದವು. 2008ರಲ್ಲಿ ಬಾಸ್ಟನ್‌ನ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮತ್ತು ಸಹೋದ್ಯೋಗಿಗಳು, ಈ ವಂಶವಾಹಿಯಿಂದ ತಯಾರಾಗುವ ನಿಯಂತ್ರಕ ಪ್ರೋಟೀನ್ ಗಾಮಾ ಗ್ಲೋಬಿನ್‌ಗೆ ತಡೆಯೊಡ್ಡುತ್ತದೆ ಎಂದು ತೋರಿಸಿದರು. ಕುಡುಗೋಲು ಕಣ ಕಾಯಿಲೆಯಿರುವ ಇಲಿಗಳ ರಕ್ತಕೋಶಗಳಲ್ಲಿ ಬಿಸಿಎಲ್11ಎಯನ್ನು ತೆಗೆದುಹಾಕಿದಾಗ ಕಾಯಿಲೆಯ ಲಕ್ಷಣಗಳು ಪರಿಹಾರವಾದುದು 2011ರಲ್ಲಿ ವರದಿಯಾಯಿತು.

ಈ ಪ್ರೋಟೀನ್ ಕೂರುವ ನಿಖರ ಸ್ಥಳವು 2018ರಲ್ಲಿ ಸ್ಪಷ್ಟವಾಯಿತು. ಗಾಮಾ ವಂಶವಾಹಿಯ ನಕಲು ಆರಂಭವಾಗುವ ಸ್ಥಾನದಿಂದ ಸುಮಾರು 115 ಅಕ್ಷರ ಹಿಂದೆ ಟಿ-ಜಿ-ಎ-ಸಿ-ಸಿ-ಎ ಎಂಬ ಸಾಲಿದೆ; ಬಿಸಿಎಲ್11ಎ ಬಂಧಿಸುವುದು ಅಲ್ಲಿಯೇ. ಅದೇ ಸ್ಥಾನದಲ್ಲಿ ಅಕ್ಷರ ಬದಲಾಗಿರುವ ಕೆಲವು ಕುಟುಂಬಗಳಲ್ಲಿ ಭ್ರೂಣ ಹಿಮೋಗ್ಲೋಬಿನ್ ಜೀವನಪರ್ಯಂತ ಹೆಚ್ಚಾಗಿರುವುದು ಬಹಳ ಹಿಂದೆಯೇ ತಿಳಿದಿತ್ತು. ಕಾರಣ ಮಾತ್ರ ಆಗ ಗೊತ್ತಾಯಿತು: ಪ್ರೋಟೀನ್‌ಗೆ ಕೂರಲು ಸ್ಥಳವಿಲ್ಲದೆ ವಂಶವಾಹಿ ತೆರೆದೇ ಉಳಿದಿತ್ತು.

ಹಾಗಾದರೆ ಬಿಸಿಎಲ್11ಎ ವಂಶವಾಹಿಯನ್ನೇ ಕೆಡಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಇದೇ ಪ್ರೋಟೀನ್ ಮಿದುಳಿನ ಬೆಳವಣಿಗೆಗೂ ರೋಗನಿರೋಧಕ ಬಿ ಕೋಶಗಳಿಗೂ ಅವಶ್ಯಕವಾದುದರಿಂದ ಹಾಗೆ ಮಾಡುವುದು ಸೂಕ್ತವಲ್ಲ. ಕೆಂಪು ರಕ್ತಕಣಗಳಲ್ಲಿ ಮಾತ್ರ ಅದನ್ನು ಕಡಿಮೆ ಮಾಡುವ ದಾರಿ ಬೇಕಾಗಿತ್ತು. ಬಿಸಿಎಲ್11ಎ ವಂಶವಾಹಿಯ ಒಳಭಾಗದಲ್ಲಿ, ಅದರ ಆರಂಭದಿಂದ ಸುಮಾರು 58,000 ಅಕ್ಷರಗಳಾಚೆ, ಕೆಂಪು ರಕ್ತಕಣಗಳ ಸಾಲಿನಲ್ಲಿ ಮಾತ್ರ ಕೆಲಸ ಮಾಡುವ ವರ್ಧಕ ಭಾಗವಿದೆಯೆಂದು 2013 ಮತ್ತು 2015ರ ಸಂಶೋಧನೆಗಳು ತೋರಿಸಿದವು. ಅಲ್ಲಿ ಕುಳಿತು ಬಿಸಿಎಲ್11ಎಯನ್ನು ಉತ್ತೇಜಿಸುವ ಪ್ರೋಟೀನ್, ಮೇಲೆ ಹೇಳಿದ ಗಾಟಾ-1. ಲಕ್ಷಾಂತರ ಒಪ್ಪುವ ಸಾಲುಗಳ ಪೈಕಿ ಈ ಒಂದು ಸ್ಥಳ ಚಿಕಿತ್ಸೆಯ ಗುರಿಯಾಯಿತು.

8. ಚಿಕಿತ್ಸೆ ಮತ್ತು ಅದರ ಮಿತಿಗಳು

ಕ್ಯಾಸ್ಜೆವಿ ಎಂಬ ಹೆಸರಿನ ಈ ಚಿಕಿತ್ಸೆಗೆ ಬ್ರಿಟನ್‌ನಲ್ಲಿ 2023ರ ನವೆಂಬರ್‌ನಲ್ಲಿ ಹಾಗೂ ಅಮೆರಿಕದಲ್ಲಿ 2023ರ ಡಿಸೆಂಬರ್‌ನಲ್ಲಿ ಅನುಮೋದನೆ ದೊರೆಯಿತು. ಇದರ ಹಂತಗಳು ಸಂಕ್ಷೇಪವಾಗಿ ಹೀಗಿವೆ:

(1) ರೋಗಿಯ ರಕ್ತದಿಂದ ಆಕರ ಕೋಶಗಳನ್ನು ಸಂಗ್ರಹಿಸಲಾಗುತ್ತದೆ.
(2) ಪ್ರಯೋಗಾಲಯದಲ್ಲಿ ಕ್ರಿಸ್ಪರ್ ವಿಧಾನದಿಂದ ಗಾಟಾ-1 ಕೂರುವ ಆ ಸ್ಥಳವನ್ನು ಕತ್ತರಿಸಲಾಗುತ್ತದೆ. ಕೋಶವು ಕತ್ತರಿಸಿದ ಭಾಗವನ್ನು ಜೋಡಿಸುವಾಗ ಅಕ್ಷರ ಸಾಲು ಕೆಡುತ್ತದೆ.
(3) ತೀವ್ರ ಔಷಧಿಯಿಂದ ರೋಗಿಯ ಹಳೆಯ ಅಸ್ಥಿಮಜ್ಜೆಯ ಕೋಶಗಳನ್ನು ನಾಶಪಡಿಸಲಾಗುತ್ತದೆ.
(4) ಬದಲಾಯಿಸಿದ ಕೋಶಗಳನ್ನು ರಕ್ತನಾಳದ ಮೂಲಕ ಹಿಂದಿರುಗಿಸಲಾಗುತ್ತದೆ.

ಗಾಟಾ-1 ಕೂರಲಾಗದಿದ್ದರೆ ಬಿಸಿಎಲ್11ಎ ಕಡಿಮೆಯಾಗುತ್ತದೆ. ಬಿಸಿಎಲ್11ಎ ಕಡಿಮೆಯಾದರೆ ಗಾಮಾ ವಂಶವಾಹಿ ತೆರೆಯುತ್ತದೆ. ದೋಷವುಳ್ಳ ಬೀಟಾ ಅಕ್ಷರವು ಹಾಗೆಯೇ ಉಳಿದಿದ್ದರೂ ರಕ್ತಕಣವು ಬಾಗುವುದು ಬಹಳವಾಗಿ ಕಡಿಮೆಯಾಗುತ್ತದೆ. ಅಮೆರಿಕದಲ್ಲಿ ಅನುಮೋದನೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಅವಧಿಯವರೆಗೆ ಗಮನಿಸಲಾದ 31 ರೋಗಿಗಳ ಪೈಕಿ 29 ಮಂದಿ ಕನಿಷ್ಠ 12 ತಿಂಗಳು ನಿರಂತರವಾಗಿ ತೀವ್ರ ನೋವಿನ ಬಾಧೆಗಳಿಂದ ಮುಕ್ತರಾಗಿದ್ದರು.

ಆದರೆ ಈ ಚಿಕಿತ್ಸೆಗೆ ದೀರ್ಘಕಾಲ ಆಸ್ಪತ್ರೆಯಲ್ಲಿರಬೇಕಾಗುತ್ತದೆ. ಅಸ್ಥಿಮಜ್ಜೆ ನಾಶಪಡಿಸುವ ಔಷಧಿಯಿಂದ ಸೋಂಕು ಹಾಗೂ ಬಂಜೆತನದ ಅಪಾಯವಿದೆ. ಅಮೆರಿಕದಲ್ಲಿ ಇದಕ್ಕೆ ನಿಗದಿಯಾದ ಬೆಲೆ 22 ಲಕ್ಷ ಡಾಲರ್. ಕಾಯಿಲೆಯ ಹೊರೆ ಹೆಚ್ಚಾಗಿರುವ ಆಫ್ರಿಕಾ ಮತ್ತು ಭಾರತದ ಬಡ ಕುಟುಂಬಗಳಿಗೆ ಇದು ನಿಲುಕುವಂತಹುದಲ್ಲ. ಮೊದಲಿನಿಂದಲೂ ಬಳಕೆಯಲ್ಲಿರುವ ಹೈಡ್ರಾಕ್ಸಿಯೂರಿಯ ಎಂಬ ಕಡಿಮೆ ವೆಚ್ಚದ ಮಾತ್ರೆಯೂ ಅನೇಕ ರೋಗಿಗಳಲ್ಲಿ ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸಿ ನೋವಿನ ಬಾಧೆಗಳನ್ನು ಕಡಿಮೆ ಮಾಡುತ್ತದೆ. ಅಮೆರಿಕದಲ್ಲಿ ಈ ಕಾಯಿಲೆಗೆ ಇದರ ಬಳಕೆಯನ್ನು 1998ರಲ್ಲಿ ಅನುಮೋದಿಸಲಾಯಿತು. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ, ನಿಯತ ರಕ್ತಪರೀಕ್ಷೆಯೊಂದಿಗೆ ಮಾತ್ರ ಸೇವಿಸತಕ್ಕದ್ದು.

9. ಭಾರತ ಮತ್ತು ಕರ್ನಾಟಕ

ದಕ್ಷಿಣ ಭಾರತದಲ್ಲಿ ಕುಡುಗೋಲು ಕಣ ಗುಣವು 1952ರಲ್ಲಿ ನೀಲಗಿರಿಯ ಬುಡಕಟ್ಟು ಸಮುದಾಯಗಳಲ್ಲಿ ವರದಿಯಾಯಿತು. ಕರ್ನಾಟಕದಲ್ಲಿ ನೀಲಗಿರಿಗೆ ಹೊಂದಿಕೊಂಡಿರುವ ಚಾಮರಾಜನಗರ ಹಾಗೂ ಮೈಸೂರು, ಕೊಡಗು ಜಿಲ್ಲೆಗಳ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಕಂಡುಬರುತ್ತದೆ.

ಭಾರತದ ಅನೇಕ ರೋಗಿಗಳಲ್ಲಿ ಗಾಮಾ ವಂಶವಾಹಿಯ ಆರಂಭದಿಂದ 158 ಅಕ್ಷರ ಹಿಂದೆ ಸಿ ಬದಲು ಟಿ ಇರುವುದು ಕಂಡುಬಂದಿದೆ. ಇಂತಹವರಲ್ಲಿ ಭ್ರೂಣ ಹಿಮೋಗ್ಲೋಬಿನ್ ಪ್ರಮಾಣವು ಆಫ್ರಿಕಾ ಮೂಲದ ಬಹಳಷ್ಟು ರೋಗಿಗಳಿಗಿಂತ ಹೆಚ್ಚಿರುತ್ತದೆ. ಆದಾಗ್ಯೂ ಕಾಯಿಲೆಯ ತೀವ್ರತೆ ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾಗಿದ್ದು, ನಮ್ಮಲ್ಲಿ ಕಾಯಿಲೆ ಸೌಮ್ಯವೆಂದು ಭಾವಿಸಿ ಚಿಕಿತ್ಸೆಯನ್ನು ಕಡೆಗಣಿಸಬಾರದು.

ರಾಷ್ಟ್ರೀಯ ಸಿಕಲ್ ಸೆಲ್ ಅನೀಮಿಯಾ ನಿರ್ಮೂಲನಾ ಅಭಿಯಾನವನ್ನು 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಲಾಯಿತು. ಬಾಧಿತ ಪ್ರದೇಶಗಳ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಹಾಗೂ 2047ರೊಳಗೆ ಕಾಯಿಲೆಯ ನಿರ್ಮೂಲನೆ ಇದರ ಗುರಿಗಳು. ಅಭಿಯಾನಕ್ಕೆ ಆಯ್ಕೆಯಾದ 17 ರಾಜ್ಯಗಳಲ್ಲಿ ಕರ್ನಾಟಕವೂ ಸೇರಿದೆ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಂದು ದೋಷಯುಕ್ತ ಪ್ರತಿ ಮಾತ್ರ ಇದ್ದವರು ರೋಗಿಗಳೇ?
ಉತ್ತರ: ಅಲ್ಲ. ಅವರನ್ನು ವಾಹಕರು ಎನ್ನಲಾಗುತ್ತದೆ. ಇವರು ಸಾಮಾನ್ಯವಾಗಿ ಆರೋಗ್ಯವಂತರಾಗಿರುತ್ತಾರೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದಾಗ ಕಾಯಿಲೆ ಉಂಟಾಗುತ್ತದೆ.

ಪ್ರಶ್ನೆ: ವಾಹಕರಿಬ್ಬರು ವಿವಾಹವಾದರೆ ಮಕ್ಕಳಿಗೆ ಏನಾಗಬಹುದು?
ಉತ್ತರ: ಪ್ರತಿಯೊಂದು ಗರ್ಭಧಾರಣೆಯಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಶೇ. 25, ಮಗು ವಾಹಕವಾಗುವ ಸಾಧ್ಯತೆ ಶೇ. 50, ಎರಡೂ ಇಲ್ಲದಿರುವ ಸಾಧ್ಯತೆ ಶೇ. 25. ವಿವಾಹಕ್ಕೆ ಅಥವಾ ಗರ್ಭಧಾರಣೆಗೆ ಮೊದಲು ಪರೀಕ್ಷೆ ಹಾಗೂ ಆಪ್ತಸಲಹೆ ಪಡೆಯುವುದು ಒಳಿತು.

ಪ್ರಶ್ನೆ: ಒಂದೇ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆಯೇ?
ಉತ್ತರ: ಕರಗುವಿಕೆ ಪರೀಕ್ಷೆಯು ದೋಷಯುಕ್ತ ಹಿಮೋಗ್ಲೋಬಿನ್ ಇದೆ ಎಂದು ಮಾತ್ರ ತಿಳಿಸುತ್ತದೆ. ವಾಹಕರೋ ರೋಗಿಯೋ ಎಂಬುದನ್ನು ಎಚ್‌ಪಿಎಲ್‌ಸಿ ಮುಂತಾದ ಪರೀಕ್ಷೆಯಿಂದ ದೃಢಪಡಿಸಿಕೊಳ್ಳಬೇಕು.

ಪ್ರಶ್ನೆ: ಕ್ರಿಸ್ಪರ್ ಚಿಕಿತ್ಸೆ ಪಡೆದವರ ಮಕ್ಕಳಿಗೆ ಕಾಯಿಲೆ ಬರುವುದಿಲ್ಲವೇ?
ಉತ್ತರ: ಚಿಕಿತ್ಸೆಯು ರಕ್ತದ ಆಕರ ಕೋಶಗಳನ್ನು ಮಾತ್ರ ಬದಲಾಯಿಸುತ್ತದೆ. ಬೀಟಾ ದೋಷವು ಮಕ್ಕಳಿಗೆ ಮೊದಲಿನಂತೆಯೇ ವರ್ಗಾವಣೆಯಾಗುತ್ತದೆ. ಆದ್ದರಿಂದ ಪರೀಕ್ಷೆಯ ಅವಶ್ಯಕತೆ ಹಾಗೆಯೇ ಉಳಿಯುತ್ತದೆ.

11. ಸಾರಾಂಶ

ವಂಶವಾಹಿಯ ಅಕ್ಷರಗಳಷ್ಟೇ ಅದರ ಪರಿಣಾಮವನ್ನು ನಿರ್ಧರಿಸುವುದಿಲ್ಲ. ಯಾವ ಕೋಶದಲ್ಲಿ, ಯಾವ ಸ್ಥಳದಲ್ಲಿ, ಯಾವ ನಿಯಂತ್ರಕ ಪ್ರೋಟೀನ್ ಕುಳಿತಿದೆ ಎಂಬುದೂ ಅಷ್ಟೇ ಮುಖ್ಯ. ಕುಡುಗೋಲು ಕಣ ಕಾಯಿಲೆಯುಳ್ಳ ಪ್ರತಿಯೊಬ್ಬ ವ್ಯಕ್ತಿಯಲ್ಲಿಯೂ ರಕ್ಷಣೆ ನೀಡಬಲ್ಲ ಗಾಮಾ ವಂಶವಾಹಿ ಇದ್ದೇ ಇದೆ. ಅದು ಮುಚ್ಚಿದೆ ಅಷ್ಟೆ. ಅದನ್ನು ತೆರೆಯುವ ದಾರಿ ಈಗ ತಿಳಿದಿದೆ. ಅದು ಎಲ್ಲರಿಗೂ ಎಟುಕುವವರೆಗೆ, ಶೈಶವದಲ್ಲಿಯೇ ಕಾಯಿಲೆಯ ಪತ್ತೆ, ಸಕಾಲದ ಲಸಿಕೆ, ವೈದ್ಯರು ಸೂಚಿಸಿದ ಔಷಧಿಯ ಕ್ರಮಬದ್ಧ ಸೇವನೆ ಹಾಗೂ ಕುಟುಂಬದ ಪರೀಕ್ಷೆ ಇವೇ ಜೀವ ಉಳಿಸುವ ಕ್ರಮಗಳು. ಬಾಧಿತ ಪ್ರದೇಶಗಳ ಸಾರ್ವಜನಿಕರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಿ ತಪಾಸಣೆ ಮಾಡಿಸಿಕೊಳ್ಳಲು ಕೋರಲಾಗಿದೆ.